ಬಾವಿಗೆ ಬಿದ್ದ ಬೀಗ

ಸಾಲಿಗ್ರಾಮ, 1957

ನೀಲಾ,

ನೀನಿದ್ದ ಮನೆಗೆ ಇವತ್ತು ಬೀಗ ಬೀಳಲಿಲ್ಲ. ಕೇಳಲು ನೀನಿಲ್ಲ, ಆದರೂ ನಿನಗೇ ಹೇಳಬೇಕು.

ಈಗ ಅಲ್ಲಿ ನಮಗೆ ಬಾಡಿಗೆ ಕೊಟ್ಟುಕೊಂಡಿರುವವಳು ಬಟ್ಟೆ ಹೊಲಿಯುವ ಪುಟ್ಟಮಲ್ಲಮ್ಮ. ಊರೂರಿಗೆ ಹಬ್ಬಿರುವ ಫ್ಲೂ ಜ್ವರ ಅವಳ ಇಬ್ಬರು ಮಕ್ಕಳಿಗೂ ಬಂದಿದೆ. ಅದನ್ನು ಕೇಳಿದ್ದೇ ನಮ್ಮ ಯಜಮಾನರು ಬೀಗ ಹಿಡಿದು ಹೊರಟರು.

"ಹೊಲದ ಗುಡ್ಲಿಗೆ ಓಗ್ಲಿ. ಪ್ಲೇಗಲ್ಲಿ ಎಲ್ರೂ ಓಗ್ಲಿಲ್ವಾ?"

"ಇಲಿ ಸತ್ತು ಬಿದ್ದವಾ? ಇದು ಪ್ಲೇಗಲ್ಲ ಕಣ್ರೀ. ಆರ್ಡರಿಲ್ದೆ ಬಾಡಿಗೆಯೋರ್ನ ಬುಡ್ಸಂಗಿಲ್ಲ ಅಂತ ಕಾಯಿದೆ ಐತೆ."

"ನಂಗೇ ಕಾಯಿದೆ ಯೋಳ್ತೀಯಾ?"

ನಾನು ರಾಗಿಹಿಟ್ಟು, ಮುದ್ದೆಕೋಲು ಹೊತ್ತು ಹೋಗಿ ಪುಟ್ಟಮಲ್ಲಮ್ಮನ ಒಲೆಯ ಮುಂದೆ ಕುಳಿತೆ. "ಹಾಕಿ ಬೀಗ. ನಾನೂ ಒಳಗೇ ಇವ್ನಿ."

ಮಧ್ಯಾಹ್ನದವರೆಗೂ ಜಗಲಿಯ ಮೇಲೆ ಗುಮ್ಮನಂತೆ ಕೂತಿದ್ದವರು ಕೊನೆಗೆ, "ಮುದ್ದೆ ಆಯ್ತೇನಮ್ಮಿ?" ಎಂದರು.

"ಬೀಗ ಕೊಡಿ, ಇಕ್ತೀನಿ."

ಕೊಟ್ಟರು. ಬೀದಿಯೆಲ್ಲ ನೋಡುತ್ತಿದ್ದಂತೆ, ಬಿಡಿಸಲು ಹೋದ ಮನೆಯ ಜಗಲಿಯಲ್ಲೇ ಎರಡು ಮುದ್ದೆ ಉಂಡರು. ನಾನು ನಗುತ್ತಲೇ ಹೋಗಿ ಬೀಗವನ್ನು ಹಾಳುಬಾವಿಗೆ ಎಸೆದೆ.

ನೀನು ಗುಡಿಸಲಿಗೆ ಹೋಗಿ ತಿರುಗಿ ಬಾರದ ಆ ಪ್ಲೇಗಿನ ವರ್ಷ, ಅವರು ಕೇಳಿದ ಕೂಡಲೇ ನಿನ್ನ ಬಾಗಿಲಿಗೆ ಹಾಕಲು ಅದೇ ಬೀಗವನ್ನು ಅಟ್ಟದಿಂದ ಹುಡುಕಿ ತಂದುಕೊಟ್ಟವಳು ನಾನು.