ನೇತ್ರಾ ಹೇಳಿದಷ್ಟೇ ಬರೆಯಬೇಕು

ವಿಜಯಕ್ಕಾ, ನಮ್ಮ ವಾದವನ್ನು ಅರ್ಧಕ್ಕೇ ಬಿಟ್ಟು ಹೋದಿರಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಎಂಟನೇ ತರಗತಿಯ ಆ ಕನ್ನಡ ಪಿರಿಯಡ್ ನೆನಪಿದೆಯೇ? ನನ್ನ ಕ್ಲಾಸಿಲ್ಲದ ಹೊತ್ತು, ನಾನು ಹಿಂದೆ ಕೂತು ನಿಮ್ಮ ಪಾಠ ಕೇಳುತ್ತಿದ್ದೆ. ಮಕ್ಕಳು ಸಾಲಾಗಿ ಎದ್ದು ಒಂದೊಂದು ಪ್ಯಾರಾ ಓದುವುದು ನಮ್ಮ ಶಾಲೆಯ ರೂಢಿ. ಎಕ್ಕಂಬಿಯಿಂದ ಬಸ್ಸಿನಲ್ಲಿ ಬರುವ ನೇತ್ರಾ ತನ್ನ ಪಾಲಿಗೆ ಬರುವ ಪ್ಯಾರಾ ಯಾವುದೆಂದು ಮೊದಲೇ ಲೆಕ್ಕ ಹಾಕಿ, ಪಕ್ಕದವಳಿಂದ ಪಿಸುಮಾತಿನಲ್ಲಿ ಓದಿಸಿಕೊಂಡು, ಪುಸ್ತಕ ಹಿಡಿದು ಗಡಗಡನೆ ಒಪ್ಪಿಸಿಬಿಡುತ್ತಿದ್ದಳು. ಅಂದು ನೀವು ಕೊನೆಯ ಬೆಂಚಿನಿಂದ ಶುರು ಮಾಡಿಸಿದಿರಿ. ಅವಳ ಸರದಿ ಬೇಗ ಬಂತು. ಎದ್ದಳು, ತುಟಿ ಅಲುಗಿತು, ಸ್ವರ ಹೊರಡಲಿಲ್ಲ. "ಗಂಟಲು ಕಟ್ಟಿದೆ ಕಾಣ್ತದೆ, ಕೂತ್ಕೋ" ಎಂದು ನೀವು ಮುಂದಿನವಳಿಗೆ ಕಣ್ಸನ್ನೆ ಮಾಡಿದಿರಿ. ತರಗತಿಯಲ್ಲಿ ಯಾರಿಗೂ ತಿಳಿಯಲಿಲ್ಲ. ನಮಗಿಬ್ಬರಿಗೆ ತಿಳಿಯಿತು.

ಸ್ಟಾಫ್ ರೂಮಿನಲ್ಲಿ ನಾನು ಇದು ಅಕ್ಷರ ಓದುವುದರ ತೊಂದರೆ, ಡಿಸ್ಲೆಕ್ಸಿಯಾ ಇರಬಹುದು, ಡಾಕ್ಟರಿಗೆ ತೋರಿಸೋಣ ಎಂದಾಗ ನೀವು ಚಹಾದ ಲೋಟ ಕೆಳಗಿಟ್ಟಿರಿ. "ನಿಂಗೆ ಎಂತಾ ಗಡಿಬಿಡಿಯೇ, ಇಂಗ್ಲಿಷ್ ಮೀಡಿಯಂ ಕೂಸೇ? ಹೆಸರು ಗೊತ್ತಾದ ಕೂಡ್ಲೆ ಅದಕ್ಕೆ ಓದಲೆ ಬಂದ್ಬಿಡ್ತಾ? ಹಣೆಪಟ್ಟಿ ಹಚ್ಚಡ. ಒಂದ್ಸಲ ಹಚ್ಚಿದ್ರೆ ತೆಗಿಯಲೆ ಬರ್ತಿಲ್ಲೆ." ನಲವತ್ತು ದಾಟಿದವಳನ್ನು ಕೂಸೇ ಎನ್ನುವವರು ಈಗ ಯಾರೂ ಇಲ್ಲ, ವಿಜಯಕ್ಕಾ. ಹಣೆಪಟ್ಟಿ ಇಲ್ಲದಿದ್ದರೆ ಊರಿನವರು ಬೇರೆ ಹೆಸರು ಇಟ್ಟೇ ಇಡುತ್ತಾರೆ, ದಡ್ಡಿ, ಸೋಮಾರಿ ಎಂದು. ಅದನ್ನು ಅಂದೇ ಹೇಳಬೇಕಿತ್ತು. ಗಂಟೆ ಹೊಡೆಯಿತು, ನೀವು ಎದ್ದು ಹೋದಿರಿ.

ಊಟದ ಬಿಡುವಿನಲ್ಲಿ ನೀವು ಅವಳನ್ನು ಕೂರಿಸಿಕೊಳ್ಳುತ್ತಿದ್ದ ರೀತಿ ಇನ್ನೂ ಕಣ್ಣಿಗೆ ಕಟ್ಟಿದೆ. ರಟ್ಟಿನಲ್ಲಿ ಒಂದು ಸಾಲಿನಷ್ಟೇ ಉದ್ದದ ಕಿಂಡಿ ಕೊರೆದು ಪುಟದ ಮೇಲಿಟ್ಟು, "ಉಳಿದಿದ್ದೆಲ್ಲ ಇಲ್ಲೆ ಅಂತ ತಿಳ್ಕ" ಎನ್ನುತ್ತಿದ್ದಿರಿ. ಎರಡು ವರ್ಷದಲ್ಲಿ ಅವಳು ಪುಟಕ್ಕೆ ಹೆದರುವುದನ್ನು ಬಿಟ್ಟಳು. ಆದರೆ ಮೂರು ತಾಸಿನ ಪ್ರಶ್ನೆಪತ್ರಿಕೆಯನ್ನು ಆ ಕಿಂಡಿಯಿಂದ ಓದಿ ಮುಗಿಸಲು ಆಗುತ್ತಿತ್ತೇ? ಇದನ್ನೂ ನಿಮ್ಮನ್ನು ಕೇಳಬೇಕೆಂದಿದ್ದೆ. ಅವಳು ಹತ್ತಕ್ಕೆ ಬರುವ ಮೊದಲು, ಬೇಸಿಗೆ ರಜೆಯಲ್ಲಿ, ಭೈರುಂಬೆಯಿಂದ ನಿಮ್ಮ ತಮ್ಮನ ಫೋನು ಬಂತು, ನೀವು ಇನ್ನಿಲ್ಲವೆಂದು.

ಜೂನಿನಲ್ಲಿ ನಾನು ನೇತ್ರಾಳ ತಾಯಿಯನ್ನು ಶಾಲೆಗೆ ಕರೆಸಿದೆ. ಸರ್ಟಿಫಿಕೇಟ್ ಮಾಡಿಸಿದರೆ ಹೆಚ್ಚು ಸಮಯ ಸಿಗುತ್ತದೆ, ಪ್ರಶ್ನೆ ಓದಿ ಹೇಳಿ ಉತ್ತರ ಬರೆದುಕೊಡುವವರು ಸಿಗುತ್ತಾರೆ ಎಂದೆ. "ಹಂಗ ಕಾಗದ ಮಾಡಿಸಿದ್ರ ನಾಳೆ ಯಾರ್ ಮದುವಿ ಮಾಡ್ಕೊಂತಾರ್ರೀ ಟೀಚರ್? ವಿಜಯಾ ಟೀಚರ್ ಇದ್ದಿದ್ರ ಹಿಂಗ ಮಾಡ್ತಿದ್ದಿಲ್ಲ ಬಿಡ್ರಿ" ಎಂದರು. ಅದು ನಿಜವಾಗಿತ್ತಲ್ಲ. ಬಾಗಿಲಲ್ಲಿ ನಿಂತಿದ್ದ ನೇತ್ರಾಳೇ ಮಾತಾಡಿದಳು. "ಯವ್ವಾ, ಮದುವಿ ಆಮ್ಯಾಲೆ. ಮೊದ್ಲು ಪಾಸಾಗೂದು ಬ್ಯಾಡಾ?" ತಾಯಿಗೂ ನಗು ಬಂತು. ಒಪ್ಪಿದರು.

ಪೂರ್ವಸಿದ್ಧತಾ ಪರೀಕ್ಷೆ ಮುಗಿದ ಮೇಲೆ ನಾನು ಎಷ್ಟು ಹಿಗ್ಗಿದ್ದೆ ಗೊತ್ತೇ? ಬರೆಯುವವರು ಕೆಳಗಿನ ತರಗತಿಯವರೇ ಆಗಬೇಕು. ಒಂಬತ್ತನೆಯ ಸಹನಾಳನ್ನು ಕೂರಿಸಿದ್ದೆ. ಅಕ್ಷರ ದುಂಡಗೆ, ಹುಡುಗಿ ಚುರುಕು, ಹತ್ತನೆಯ ಪುಸ್ತಕವನ್ನೂ ಆಗಲೇ ಓದಿಕೊಂಡಿದ್ದವಳು. ವಿಜ್ಞಾನದಲ್ಲಿ ಒಳ್ಳೆಯ ಅಂಕ ಬಂತು. ನೇತ್ರಾ ಮಾತ್ರ ಮುಖ ಊದಿಸಿಕೊಂಡು ಬಂದಳು. ಹಾಲಿಗೆ ಸೋಡಾ ಹಾಕಿದರೆ ಮೊಸರಾಗಲು ಏಕೆ ತಡ ಎಂಬ ಪ್ರಶ್ನೆಯಿತ್ತಂತೆ. "ಹುಳಿ ಹುಟ್ಟಿದ್ದನ್ನೆಲ್ಲ ಮೊದ್ಲು ಸೋಡಾ ತಿಂದು ಹಾಕ್ತೈತಿ, ಅದಕ್ಕ ತಡ ಅಂದೆ ನಾನು. ಆಕಿ ಪುಸ್ತಕದಾಗಿಂದು ಬರದಾಳ. ಅದು ನಂದಲ್ರೀ ಟೀಚರ್." ಉತ್ತರ ಅವಳಿಗೆ ಗೊತ್ತಿತ್ತು, ವಿಜಯಕ್ಕಾ! ನಾವಂದುಕೊಂಡದ್ದಕ್ಕಿಂತ ಚೆನ್ನಾಗಿ ಗೊತ್ತಿತ್ತು. ನಾನು ತಂದ ಏರ್ಪಾಟೇ ಅದನ್ನು ಮುಚ್ಚಿಬಿಟ್ಟಿತ್ತು. ಆಗ ನಿಮ್ಮ ಪಕ್ಷಕ್ಕೇ ಬಂದುಬಿಡಲೇ ಎನ್ನಿಸಿತ್ತು, ಒಂದು ವಾರ...

ಶಾಲೆ ಬಿಟ್ಟ ಮೇಲೆ ಇಬ್ಬರನ್ನೂ ಕೂರಿಸಿ ಅಭ್ಯಾಸ ಮಾಡಿಸಿದ ಸಂಜೆಗಳನ್ನು ನೀವು ನೋಡಬೇಕಿತ್ತು. ನೇತ್ರಾ ಹೇಳಬೇಕು, ಸಹನಾ ಅಷ್ಟನ್ನೇ ಬರೆದು ತಿರುಗಿ ಓದಬೇಕು.

"ಅಳ್ಸು."

"ಅಯ್ಯೋ, ಇದು ಚೊಲೋ ಇದ್ದು ಮಾರಾಯ್ತಿ. ನೀ ಹೇಳಿದ್ದೇ ಬರದ್ರೆ ಮಾರ್ಕ್ಸ್ ಹೋಗ್ತು!"

"ಹೋಗ್ಲಿ. ಹೋದ್ರ ನನ್ನವು ಹೋಗ್ತಾವ. ನಿನಗ ಮುಂದಿನ ವರ್ಷ ಐತಲ್ಲ, ಅದನ್ನ ಆವಾಗ ಬರಿ."

ಸಹನಾ ಸಿಟ್ಟಾಗಿ ರಬ್ಬರು ಎಸೆದಳು, ಮತ್ತೆ ತಾನೇ ಹೆಕ್ಕಿ ತಂದಳು. ನಾನು ನಡುವೆ ಬಾಯಿ ಹಾಕದೆ ಕೂತೆ. ಅದು ನನಗೆಷ್ಟು ಕಷ್ಟ ಎಂದು ನಿಮಗೆ ಹೇಳಬೇಕಾಗಿಲ್ಲ.

ನೇತ್ರಾ ಪಾಸಾದಳು, ವಿಜಯಕ್ಕಾ. ವಿಜ್ಞಾನದಲ್ಲಿ ಪೂರ್ವಸಿದ್ಧತಾ ಪರೀಕ್ಷೆಗಿಂತ ಕಡಿಮೆ ಬಂತು. ಆ ವ್ಯತ್ಯಾಸವನ್ನು ನೋಡುತ್ತ ಯಾರಿಗಾಗಿ ಬೇಸರಪಡುತ್ತಿದ್ದೇನೆ ಎಂದು ನನ್ನನ್ನೇ ಕೇಳಿಕೊಂಡೆ. ಉತ್ತರ ಹಿತವಾಗಿರಲಿಲ್ಲ.

ನಿನ್ನೆ ಅವಳನ್ನು ಕಾಲೇಜಿಗೆ ಸೇರಿಸಲು ಹೋಗಿದ್ದೆವು. ಕೌಂಟರಿನ ಮುಂದೆ ಉದ್ದ ಸಾಲು. ಪ್ರಿನ್ಸಿಪಾಲರನ್ನು ಒಳಗೆ ಬೇರೆಯಾಗಿ ಕಂಡು ಮೆಲ್ಲಗೆ ಹೇಳೋಣವೆಂದು ನಾನು ಮಾತು ಜೋಡಿಸಿಕೊಳ್ಳುತ್ತಿದ್ದೆ. ಅಷ್ಟರಲ್ಲಿ ಅವಳ ಸರದಿ ಬಂತು. "ಸರ್, ನನಗ ಓದೂದು ನಿಧಾನ ರೀ. ಪರೀಕ್ಷಿಗೆ ಓದಿ ಹೇಳೋರು ಬೇಕಾಗ್ತಾರ. ಸರ್ಟಿಫಿಕೇಟ್ ಐತಿ, ಈಗ ಕೊಡ್ಲ್ಯಾ, ಆಮ್ಯಾಗ ಕೊಡ್ಲ್ಯಾ?" ಮೆಲ್ಲಗೆ ಮಾತಾಡುವುದು ಅವಳಿಗೆ ಬರುವುದಿಲ್ಲ, ನಿಮಗೆ ಗೊತ್ತು. ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ನಾನು ತಿರುಗಿ ನೋಡಿದೆ. ನೇತ್ರಾ ನೋಡಲಿಲ್ಲ, ಸರ್ಟಿಫಿಕೇಟ್ ಹಿಡಿದ ಕೈಯನ್ನು ಕೌಂಟರಿನೊಳಗೆ ಚಾಚಿ ಉತ್ತರಕ್ಕಾಗಿ ಕಾಯುತ್ತಿದ್ದಳು.