ಕಾರಿನ ಎರಡು ಬಾಗಿಲು

ಡಿಸೆಂಬರ್ ೨. ಕ್ರಿಸ್‌ಮಸ್ಸಿಗೆ ಮುಂಚಿನ ಆಗಮನಕಾಲದ ಮೊದಲ ಭಾನುವಾರ.

ಕಾರಿನ ಬ್ಯಾಟರಿಯನ್ನು ಬಿಚ್ಚಿ ತಂದು ಅಡುಗೆಮನೆಯ ಒಲೆಯ ಬಳಿ ಇರಿಸಿದೆ. ರೇಡಿಯೇಟರಿಗೆ ಕೂಲೆಂಟ್ ತುಂಬಿದ್ದಾಯಿತು. ಚಳಿಗಾಳಿ ತಡೆಯಲು ಅದರ ಮುಂದೆ ರಟ್ಟು ಕಟ್ಟಿದ್ದೂ ಆಯಿತು. ವಯೋವೃದ್ಧ ವಾಹನ, ಒಡೆಯನಿಗಿಂತ ವಿಧೇಯ. ತರುವಾಯ ಪ್ರಾರ್ಥನೆ. ಹಿಲ್ಡೂರ್ ಇಲ್ಲದ ಮನೆಯಲ್ಲಿ ಕೀರ್ತನೆಗೆ ಕೆಳಸ್ವರ ಮಾತ್ರ.

ಕೊಲ್ಲಿಯ ಮೇಲೆ ಮಂಜುಗಡ್ಡೆ ಹಬ್ಬಿದೆ. ದೋಣಿ ಸೀಳಲಾರದಷ್ಟು ದಪ್ಪ, ಚಕ್ರವನ್ನು ಹೊರಲಾರದಷ್ಟು ತೆಳು. ದ್ವೀಪವಾಸಿಗಳಿಗೆ ವರ್ಷಂಪ್ರತಿ ವಿಧಿಸಿದ ಸೆರೆ ಇದು. ಆದರೆ ವರ್ಷಂಪ್ರತಿ ನನ್ನ ಹೆಂಡತಿ ಹಿಲ್ಡೂರ್ ಆಚೆ ದಡದ ಆಸ್ಪತ್ರೆಯಲ್ಲಿರುತ್ತಿರಲಿಲ್ಲ.

ಡಿಸೆಂಬರ್ ೫. ಸಂಜೆ.

ಹಿಲ್ಡೂರ್ ಫೋನ್ ಮಾಡಿದಳು. ಶ್ವಾಸಕೋಶದ ಉರಿ ಇಳಿದಿದೆಯಂತೆ. ಆಸ್ಪತ್ರೆಯವರು ಬಿಟ್ಟುಕೊಟ್ಟಿದ್ದಾರೆ, ಎದುರು ದಡದಲ್ಲಿ ತನ್ನ ತಂಗಿ ಎಲ್ನಾಳ ಮನೆಯಲ್ಲಿದ್ದಾಳೆ. ಧ್ವನಿ ಕ್ಷೀಣ, ನಾಲಿಗೆ ಮಾತ್ರ ಯಥಾಪ್ರಕಾರ.

"ಏ ಮುದುಕಾ, ಊಟ ಮಾಡಿದ್ಯಾ?"

"ಆಲೂಗಡ್ಡೆ, ಉಪ್ಪುಮೀನು."

"ನಿನ್ನೆ?"

"ಅದೇ."

"ಕ್ರಿಸ್‌ಮಸ್ಸಿಗೆ ನನ್ನನ್ನ ಮನೆಗೆ ಕರಕೊಂಡು ಹೋಗು. ಮುಂದಿನ ವರ್ಷ ನೋಡೋಣ ಅನ್ನಬೇಡ. ಮುಂದಿನ ವರ್ಷದ ಮಾತು ನನ್ನ ಹತ್ರ ಆಡಬೇಡ."

ಮಾತು ಕೊಟ್ಟೆ. ಯಾವ ಅಧಿಕಾರದಿಂದ ಕೊಟ್ಟೆನೋ, ಕರ್ತನೇ ಬಲ್ಲ.

ಡಿಸೆಂಬರ್ ೯. ಎರಡನೆಯ ಭಾನುವಾರ.

ನೆರೆಮನೆಯ ಬೆಸ್ತ ರೂನಾರ್ ಕಬ್ಬಿಣದ ಸಲಾಕೆ ಹಿಡಿದು ಕೊಲ್ಲಿಯ ಮೇಲೆ ನಡೆದು ಬಂದ. ಕುಟ್ಟಿ ನೋಡಿದರೆ ಮಂಜುಗಡ್ಡೆ ನಾಲ್ಕು ಬೆರಳು ದಪ್ಪವಂತೆ. "ಮನುಷ್ಯನಿಗೆ ಸಾಕು ಮೇಷ್ಟ್ರೇ, ಕಾರಿಗೆ ಗೇಣು ಬೇಕು."

ಇಬ್ಬರೂ ಸೇರಿ ಕಾರಿನ ಎರಡು ಬಾಗಿಲುಗಳನ್ನೂ ಕಳಚಿ ಕೊಟ್ಟಿಗೆಯ ಗೋಡೆಗೆ ಆನಿಸಿದೆವು. ಇಲ್ಲಿನ ನೇಮವೇ ಹಾಗೆ. ಕಾರು ಮುಳುಗಿತೆಂದರೆ ನೀರು ಬಾಗಿಲನ್ನು ಅದುಮಿ ಹಿಡಿಯುತ್ತದೆ, ಒಳಗಿದ್ದವನು ಅಲ್ಲಿಯೇ ಉಳಿಯುತ್ತಾನೆ. ಬಾಗಿಲಿಲ್ಲದಿದ್ದರೆ ಹೊರಗೆ ಹಾರಬಹುದು. ರೂನಾರನ ಅಣ್ಣ ಹಾರಲಿಲ್ಲ. ಅವನ ಕಾರಿಗೆ ಬಾಗಿಲಿತ್ತು.

ಡಿಸೆಂಬರ್ ೧೪.

ಡಾಕ್ಟರು ಎಲ್ನಾಳಿಗೆ ಖಂಡಿತವಾಗಿ ಹೇಳಿದ್ದಾರೆ — ಮುಚ್ಚಿದ ವಾಹನವಾದರೆ ಮಾತ್ರ ಪ್ರಯಾಣ. ತೆರೆದ ಕಾರು, ಹಿಮದ ಮೇಲೆ ಎಳೆಯುವ ಜಾರುಬಂಡಿ, ಎರಡೂ ಕೂಡದು. ಕೊಲ್ಲಿಯ ಗಾಳಿ ಆ ಶ್ವಾಸಕೋಶವನ್ನು ಹೊಕ್ಕರೆ ಮತ್ತೆ ಔಷಧವಿಲ್ಲ.

ಹಾಗಾದರೆ ಬಾಗಿಲು ಇರಬೇಕು. ಬಾಗಿಲು ಇರಲೂಬಾರದು. ಇಡೀ ದಿನ ಈ ಎರಡು ವಾಕ್ಯಗಳ ನಡುವೆ ಶತಪಥ ತಿರುಗಿದೆ.

ಡಿಸೆಂಬರ್ ೧೬.

ತೇವದ ಗಾಳಿ. ಮಂಜುಗಡ್ಡೆಯ ಮೇಲೆ ನೀರು ನಿಂತಿದೆ. ಎಲ್ನಾಳ ಕಿಟಕಿಯ ದೀಪ ಬರಿಗಣ್ಣಿಗೆ ಕಾಣುತ್ತದೆ. ಅಷ್ಟು ಸಮೀಪ. ಬರೆಯಲು ಮನಸ್ಸಿಲ್ಲ.

ಡಿಸೆಂಬರ್ ೨೧.

ಕಡುಚಳಿ ಮರಳಿದೆ. ಕರ್ತನಿಗೆ ಸ್ತೋತ್ರ. ಸಲಾಕೆಗೆ ಗೇಣು ದಪ್ಪ ಸಿಕ್ಕಿತು. ರೂನಾರ್ ದಾರಿಯುದ್ದಕ್ಕೂ ಸ್ಪ್ರೂಸ್ ಮರದ ಕೊಂಬೆಗಳನ್ನು ನೆಟ್ಟು ಗುರುತು ಮಾಡಿದ್ದಾನೆ. ಆದರೂ ನಡುಕೊಲ್ಲಿಯಲ್ಲಿ ಅಡಿನೀರಿನ ಸೆಳೆತ ಗಡ್ಡೆಯನ್ನು ಸವೆಸುವ ತಾವನ್ನು ನಂಬಬೇಡಿ ಎನ್ನುತ್ತಾನೆ.

ಹಿಲ್ಡೂರ್ ಕೂರುವ ಬದಿಯ ಬಾಗಿಲನ್ನು ಕೂಡಿಸಿದೆವು. ಅನಂತರ ನನ್ನ ಬದಿಯದನ್ನು ಎತ್ತಿಕೊಂಡೆ.

"ಅದ್ಯಾಕೆ? ಅಮ್ಮನವರ ಕಡೆ ಹಾಕಿದ್ದಾಯ್ತಲ್ಲ."

"ಗಾಳಿ ಈ ಕಡೆಯಿಂದಲೂ ಬರುತ್ತೆ ರೂನಾರ್."

"ಕಂಬಳಿ ಕಟ್ಟಿ. ಹರಿದುಕೊಂಡಾದ್ರೂ ಹೊರಗೆ ಬೀಳಬಹುದು."

"ಹಿಡಕೋ ಆ ತುದೀನ."

ದಿಟ್ಟಿಸಿ ನೋಡಿದ. ಹಿಡಿದ. ಹೋಗುವಾಗ ಟೋಪಿ ತೆಗೆದ — ಇವನು ಟೋಪಿ ತೆಗೆಯುವುದು ಸ್ಮಶಾನದಲ್ಲಿ ಮಾತ್ರ.

ಅವನಿಗೆ ಹೇಳದ್ದನ್ನು ಇಲ್ಲಿ ಬರೆಯುತ್ತೇನೆ. ಅವಳು ಮುಚ್ಚಿದ ಬಾಗಿಲಿನ ಹಿಂದೆ, ನಾನು ತೆರೆದ ಬಾಗಿಲಿನ ಪಕ್ಕ — ಹಾಗೆ ಆ ಸೆಳೆತದ ಮೇಲೆ ಹಾಯಲಾರೆ. ಕಂಬಳಿಯೂ ನನಗೊಬ್ಬನಿಗೇ ಬಿಡುಗಡೆಯ ದಾರಿ.

ಡಿಸೆಂಬರ್ ೨೩. ಮಧ್ಯಾಹ್ನ. ಆಚೆ ದಡ.

ಜೇಬಿನ ಪುಸ್ತಕದಲ್ಲಿ ಬರೆಯುತ್ತಿದ್ದೇನೆ, ಕಾರಿನೊಳಗೆ ಕುಳಿತು. ದಾಟಿ ಬಂದೆ. ನಡುಕೊಲ್ಲಿಯಲ್ಲಿ ಮಂಜುಗಡ್ಡೆ ನರಳಿತು, ಆದರೂ ಭಾರ ಹೊತ್ತುಕೊಂಡಿತು.

ಹಿಲ್ಡೂರ್ ಇಳಿಜಾರು ಇಳಿದು ಬಂದಳು. ಕೃಶಳಾಗಿದ್ದಾಳೆ. ನನ್ನನ್ನು ನೋಡುವ ಮೊದಲು ಕಾರನ್ನು ನೋಡಿದಳು.

"ನಿನ್ನ ಕಡೆ ಬಾಗಿಲು ಯಾಕಿದೆ?"

"ಗಾಳಿ..."

"ಇಷ್ಟು ವರ್ಷ ನನ್ನ ಜೊತೆ ಇದ್ದೂ ಸುಳ್ಳು ಹೇಳೋಕೆ ಕಲೀಲಿಲ್ಲ ನೀನು. ಮುಳುಗಿದ್ರೆ ಜೊತೇಲಿ ಅಂತ ತಾನೆ?"

ಮುಂಗಾಜಿನ ಹಿಮ ಒರೆಸತೊಡಗಿದೆ.

"ಪೆದ್ದ! ಇಬ್ರೂ ಒಳಗೆ ಸಿಕ್ಕಿಹಾಕಿಕೊಂಡ್ರೆ ನನ್ನ ಹೊರಗೆ ಎಳೆಯೋರು ಯಾರು? ಬಿಚ್ಚು ಅದನ್ನ. ಬಿಚ್ಚೋವರೆಗೂ ನಾನು ಹತ್ತಲ್ಲ."

"ಡಾಕ್ಟರು ಹೇಳಿದ್ದು—"

"ಎಲ್ನಾಳ ತುಪ್ಪಳದ ಕೋಟಿದೆ. ಮೂತಿಗೆ ಶಾಲು ಸುತ್ತಿಕೊಳ್ತೀನಿ. ಡಾಕ್ಟರು ಈಜೋಕೆ ಬರ್ತಾರಾ?"

ಬಿರಬಿರನೆ ಒಳಗೆ ಹೋದಳು. ಈಗ ಅಡುಗೆಮನೆಯ ಕಿಟಕಿಯಿಂದ ಕಾವಲು ಕಾಯುತ್ತಿದ್ದಾಳೆ. ನನ್ನ ಬಾಗಿಲನ್ನೂ ಕೂಡಿಸಿದ್ದು ಎಷ್ಟೋ ರಾತ್ರಿ ಮೊಣಕಾಲೂರಿ ಪಡೆದ ನಿರ್ಣಯವೆಂದುಕೊಂಡಿದ್ದೆ. ಎಳೆಯುವವನೊಬ್ಬ ಹೊರಗಿರಬೇಕೆಂಬುದು ಒಮ್ಮೆಯೂ ಹೊಳೆಯಲಿಲ್ಲ.

ಬೆಳಕು ಜಾರುತ್ತಿದೆ. ಕತ್ತಲಾದರೆ ಕೊಂಬೆಗಳ ಗುರುತು ಕಾಣದು. ಮೇಲಿನ ಕೀಲು ಕಳಚಿತು. ಕೆಳಗಿನದು ಹೆಪ್ಪುಗಟ್ಟಿ ಜಗ್ಗುತ್ತಿಲ್ಲ. ಕೈ ಮರಗಟ್ಟಿದ್ದರಿಂದ ಒಂದು ನಿಮಿಷ ಒಳಗೆ ಕೂತೆ. ಅಗೋ, ಮತ್ತೆ ಹೊರಗೆ ಬರುತ್ತಿದ್ದಾಳೆ. ಮೂಗಿನವರೆಗೆ ಶಾಲು, ಕೈಯಲ್ಲಿ ಹೊಗೆಯಾಡುವ ಬಿಸಿನೀರಿನ ಕೆಟಲ್. ಬರೆದದ್ದು ಸಾಕು, ಬಾಗಿಲು ಹಿಡಿ ಎನ್ನು—