ಡೋಲಿನ ಏಳು ಸುತ್ತು

ಗುರುವಾರ, ಹನ್ನೆರಡನೇ ತಾರೀಖು
ನನ್ನ ಬಾಡಿಗೆ ಕೋಣೆ

ಅಕ್ಕಾ,

ಮೊದಲೇ ಹೇಳಿಬಿಡುತ್ತೇನೆ, ಅಕ್ಷರ ನೋಡಿ ನಗಬೇಡ. ಐದನೇ ಕ್ಲಾಸಿಗೇ ಶಾಲೆ ಬಿಟ್ಟ ಕೈ ಇದು. ಆಮೇಲೆ ಪೆನ್ನಿಗಿಂತ ಇಸ್ತ್ರಿಪೆಟ್ಟಿ ಹಿಡಿದದ್ದೇ ಹೆಚ್ಚು. ಕಾಗೆ ಕಾಲು ಗುಬ್ಬಿ ಕಾಲು ಎಂದು ನೀನು ಬೈಯುತ್ತಿದ್ದೆಯಲ್ಲ, ಅದು ಹಾಗೇ ಇದೆ. ಒತ್ತಕ್ಷರ ತಪ್ಪಿದ್ದರೆ ನೀನೇ ಸರಿ ಮಾಡಿಕೊಂಡು ಓದು. ಭಾವನ ಕೈಗೆ ಮಾತ್ರ ಈ ಕಾಗದ ಕೊಡಬೇಡ.

ನಿನ್ನ ಎರಡು ಕಾಗದ ಬಂದು ತಿಂಗಳ ಮೇಲಾಯಿತು. ಉತ್ತರ ಬರೆಯಲಿಲ್ಲ, ತಪ್ಪಾಯಿತು. ಪಾಪುವಿಗೆ ಹಲ್ಲು ಬಂತು ಎಂದು ಓದಿ ಒಬ್ಬಳೇ ನಕ್ಕೆ. ಸಿಕ್ಕವರನ್ನೆಲ್ಲ ಕಚ್ಚುತ್ತಾಳೆ ಎಂದು ದೂರು ಬರೆದಿದ್ದೀಯ. ನೀನೇನು ಕಡಿಮೆ ಕಚ್ಚಿದ್ದೆಯಾ ನನ್ನನ್ನು? ಮೊಣಕೈ ಹತ್ತಿರ ಗುರುತು ಇನ್ನೂ ಇದೆ.

ಇಲ್ಲಿಯ ಸುದ್ದಿ ಒಂದೇ. ಕೊಡೆಯಜ್ಜ ಹೋಗಿಬಿಟ್ಟರು. ಇವತ್ತಿಗೆ ಹದಿನೈದು ದಿನ.

ನಿನಗೆ ಅವರ ಮುಖ ನೆನಪಿರುತ್ತದೆ. ಲಾಂಡ್ರಿಯ ಜಗಲಿಯ ಮೇಲೆ ಗೋಣಿತಾಟು ಹಾಸಿ, ರಿಪೇರಿಗೆ ಬಂದ ಕೊಡೆಗಳ ಕಡ್ಡಿಗಳನ್ನು ಮೀನಿನ ಮುಳ್ಳಿನ ಹಾಗೆ ಹರಡಿಕೊಂಡು ಕೂರುತ್ತಿದ್ದರು. ಬಾಯಲ್ಲಿ ದಾರ ಕಚ್ಚಿಕೊಂಡೇ ಹಾಡುತ್ತಿದ್ದರು. ನಾನು ಒಳಗೆ ಕಿಟಕಿಯ ಪಕ್ಕದ ಮೇಜಿನಲ್ಲಿ ಇಸ್ತ್ರಿ ಮಾಡುತ್ತ ಎಲ್ಲವನ್ನೂ ಕಲಿತೆ. ಕಲಿಯಬೇಕೆಂದು ಕಲಿತದ್ದಲ್ಲ. ಒಂದು ಅಂಗಿ ಮಡಿಸುವುದರೊಳಗೆ ಒಂದು ಚರಣ ಮುಗಿಯುತ್ತಿತ್ತು, ಅಷ್ಟೇ. ಸಂಜೆ ಅವರು ಏಕತಾರಿ ಹಿಡಿದು ಹಾಡಲು ಹೋಗುವಾಗ ಚೀಲ ಹೊರಲು ನನ್ನನ್ನು ಕರೆದರು. ಆಗ ನನಗೆ ಹದಿನಾರು. ಆರು ವರ್ಷ ಹೊತ್ತೆ.

ನಾನು ಚೀಲ ಮಾತ್ರ ಹೊರುತ್ತೇನೆ ಎಂದು ನೀನೂ ತಿಳಿದಿದ್ದೆ. ಊರೆಲ್ಲ ಹಾಗೇ ತಿಳಿದಿತ್ತು. ಅದು ಪೂರ್ತಿ ನಿಜವಲ್ಲ ಅಕ್ಕಾ. ಅಜ್ಜನಿಗೆ ಮರೆವು ಶುರುವಾಗಿ ನಾಲ್ಕು ವರ್ಷವಾಗಿತ್ತು. ಹಾಡಿನ ನಡುವೆ ಮುಂದಿನ ಸಾಲು ಹೊಳೆಯದೆ ಹೋದರೆ ಅವರು ತಲೆಯನ್ನು ಒಂಚೂರು ಎಡಕ್ಕೆ ವಾಲಿಸುತ್ತಿದ್ದರು. ನೋಡಿದವರಿಗೆ ತಂತಿಯ ಶ್ರುತಿ ಕೇಳುತ್ತಿದ್ದಾರೆ ಅನ್ನಿಸುತ್ತಿತ್ತು. ನಾನು ಅವರ ಎಡಭುಜದ ಹಿಂದೆ ತಲೆ ತಗ್ಗಿಸಿ ಕೂತಿರುತ್ತಿದ್ದೆ. ಮುಂದಿನ ಸಾಲಿನ ಮೊದಲ ಪದ ಉಸಿರಿನಲ್ಲಿ ಎತ್ತಿಕೊಡುತ್ತಿದ್ದೆ. ಒಂದೇ ಪದ. ಅಷ್ಟು ಸಿಕ್ಕರೆ ಸಾಕು, ಮಿಕ್ಕದ್ದು ತಾನಾಗಿ ಹರಿದು ಬರುತ್ತಿತ್ತು. ಪದ ಅವರ ಕಿವಿ ಸೇರುವ ತನಕ ಪಕ್ಕದಲ್ಲಿ ಕೂರುತ್ತಿದ್ದ ಡೋಲಿನಣ್ಣ ತಾಳದ ಒಂದು ಸುತ್ತು ಹೆಚ್ಚಿಗೆ ಬಾರಿಸುತ್ತಿದ್ದರು. ಈ ವಿಷಯ ಗೊತ್ತಿದ್ದದ್ದು ನಮ್ಮ ಮೂವರಿಗೆ ಮತ್ತು ಅವರ ಮನೆಯಲ್ಲಿ ಅಜ್ಜಿಗೆ. ಹೊರಗೆ ಹೇಳಕೂಡದು ಎಂದು ಅಜ್ಜ ಕೈ ಹಿಡಿದು ಕೇಳಿಕೊಂಡಿದ್ದರು. ಇವತ್ತು ನಿನಗೆ ಬರೆಯುತ್ತಿದ್ದೇನೆ. ಬರೆಯದೆ ಇದ್ದರೆ ಮುಂದಿನದು ನಿನಗೆ ಅರ್ಥವಾಗುವುದಿಲ್ಲ.

ಅಜ್ಜ ಹೋಗುವುದಕ್ಕೆ ಹತ್ತೊಂಬತ್ತು ದಿನ ಮುಂಚೆ, ಮಾರುಕಟ್ಟೆಯ ಮಹಡಿ ಹಾಲ್‌ನಲ್ಲಿ ಅವರ ಹಾಡಿತ್ತು. ಕುರ್ಚಿ ಸಾಲದೆ ಜನ ಮೆಟ್ಟಿಲ ಮೇಲೆಲ್ಲ ಕೂತಿದ್ದರು. ನಮ್ಮ ಲಾಂಡ್ರಿಯ ಯಜಮಾನಿಯೂ ಕೆಲಸದವರೂ ಎರಡನೇ ಸಾಲಿನಲ್ಲಿದ್ದರು. ಅವತ್ತು ದೋಣಿಯವಳ ಹಾಡು. ಜೀವನವಿಡೀ ಊರವರನ್ನು ಹೊಳೆ ದಾಟಿಸಿದ ಹೆಂಗಸು, ಮುದುಕಿಯಾದ ಮೇಲೆ ದಡದಲ್ಲಿ ಒಬ್ಬಳೇ ಕೂತು ಹಾಡುವುದು. ನೀನೂ ಕೇಳಿದ್ದೀಯ:

ಎಲ್ಲರನು ದಾಟಿಸಿದೆ ಈ ದಡದಿಂದ ಆ ದಡಕೆ,
ಹುಟ್ಟು ಹಿಡಿದ ಕೈಯ ಹಿಡಿವರ್ಯಾರೆ?

ಮೊದಲನೇ ಸಾಲು ಹಾಡಿದರು. ತಲೆ ಎಡಕ್ಕೆ ವಾಲಿತು. ಎರಡನೇ ಸಾಲು ಬರಲಿಲ್ಲ. ಡೋಲು ಸುತ್ತುತ್ತಲೇ ಇತ್ತು. ಸುತ್ತಿ ಸುತ್ತಿ ನಿಂತಿತು. ಹಿಂದೆ ಯಾರೋ ಕೆಮ್ಮಿದರು, ಯಾರೋ ಕಿಸಕ್ಕನೆ ನಕ್ಕರು. ಅಜ್ಜ ಏಕತಾರಿಯನ್ನು ಮಡಿಲಲ್ಲಿಟ್ಟುಕೊಂಡು, “ಇವತ್ತಿಗೆ ಸಾಕು,” ಎಂದು ಎದ್ದರು. ಆಮೇಲೆ ಮನೆಯಿಂದ ಹೊರಗೆ ಬರಲೇ ಇಲ್ಲ. ಜಗಲಿಯ ಮೇಲೆ ಅರ್ಧ ಬಿಚ್ಚಿದ ಕೊಡೆಗಳು ಹಾಗೇ ಬಿದ್ದಿದ್ದವು, ಯಜಮಾನಿಯೇ ಎತ್ತಿಸಿ ಒಳಗಿಡಿಸಿದರು.

ಹೋದ ದಿನ ಜನವೋ ಜನ. ಅಂಗಡಿಗಳೆಲ್ಲ ತಾವಾಗಿಯೇ ಬಾಗಿಲು ಹಾಕಿದವು. ಕಟಿಂಗ್ ಅಂಗಡಿಯವರು ಗಿರಾಕಿಯ ಅರ್ಧ ಗಡ್ಡ ಬಿಟ್ಟು ಓಡಿ ಬಂದಿದ್ದರು, ಹಿಂದೆಯೇ ಆ ಗಿರಾಕಿಯೂ ಸೋಪಿನ ನೊರೆಯಲ್ಲೇ ಬಂದ. ಅಜ್ಜ ಇದ್ದಿದ್ದರೆ ಅದರ ಮೇಲೇ ನಾಲ್ಕು ಸಾಲು ಕಟ್ಟುತ್ತಿದ್ದರು.

ನಾನು ಮೂಲೆಯಲ್ಲಿ ನಿಂತಿದ್ದೆ. ಅಜ್ಜಿ ನನ್ನನ್ನು ಹತ್ತಿರಕ್ಕೆ ಕರೆದರು. “ಕೊನೇಲಿ ಮಾತೇ ಬಿಟ್ಟಿದ್ರಮ್ಮ. ನಿನ್ನೊಬ್ಬಳನ್ನೇ ಕೇಳ್ತಿದ್ರು. ಬೆಳಗೆದ್ದರೆ, ‘ಹುಡುಗಿ ಬಂದಿಲ್ವಾ? ಹುಡುಗಿ ಬಂದಿಲ್ವಾ?’ ಎಲ್ಲಿ ಹೋಗಿದ್ದೆ ನೀನು?”

“ಕೆಲಸ ಜಾಸ್ತಿ ಇತ್ತು ಅಜ್ಜಿ,” ಅಂದೆ.

ಸುಳ್ಳು. ಆ ಹತ್ತೊಂಬತ್ತು ದಿನವೂ ನಾನು ಕೆಲಸ ಬಿಟ್ಟ ಮೇಲೆ ಅವರ ಬೀದಿ ತಪ್ಪಿಸಿ, ಡಿಪೋ ಬಳಸಿಕೊಂಡು ಕೋಣೆಗೆ ಬರುತ್ತಿದ್ದೆ.

ಈಗ ಭಾನುವಾರ ಅದೇ ಹಾಲ್‌ನಲ್ಲಿ ಅವರ ನೆನಪಿನ ಸಭೆ. ನಿಂತುಹೋದ ಆ ಹಾಡನ್ನು ಪೂರ್ತಿ ಹಾಡಿಸಬೇಕು ಎಂದು ಎಲ್ಲರೂ ಸೇರಿ ತೀರ್ಮಾನ ಮಾಡಿದ್ದಾರೆ. ಹಾಡಬೇಕಾದವಳು ನಾನು. ಆರು ವರ್ಷ ಜೊತೆಗೇ ತಿರುಗಿದವಳು, ಇವಳಿಗಲ್ಲದೆ ಇನ್ಯಾರಿಗೆ ಬರುತ್ತದೆ ಎನ್ನುತ್ತಾರೆ. ಬೀದಿಯಲ್ಲಿ ಸಿಕ್ಕವರು, “ಪುಣ್ಯವಂತೆ ಕಣಮ್ಮ ನೀನು,” ಎಂದು ತಲೆ ಸವರುತ್ತಾರೆ. ಅವರು ಮುಟ್ಟಿದ ಜಾಗ ಕೋಣೆಗೆ ಬಂದ ಮೇಲೂ ಉರಿಯುತ್ತಿರುತ್ತದೆ.

ಸೋಮವಾರ ಡೋಲಿನಣ್ಣ ಲಾಂಡ್ರಿಗೆ ಬಂದರು. ಎರಡು ಅಂಗಿ ಕೌಂಟರಿನ ಮೇಲಿಟ್ಟು, “ಏನಮ್ಮಾ, ಭಾನುವಾರಕ್ಕೆ ತಯಾರಾ?” ಅಂದರು.

“ನನ್ನ ಕೈಲಿ ಆಗಲ್ಲ ಅಣ್ಣಾ.”

“ಆಗಲ್ಲ ಅಂದ್ರೆ? ಆ ಹಾಡು ಪೂರ್ತಿ ಬರೋದು ಊರಿಗೆಲ್ಲ ನಿನಗೊಬ್ಬಳಿಗೆ. ನನಗೆ ಬರೋದು ಬರೀ ಧಡಬಡ.”

ಯಜಮಾನಿ ಒಳಗಿನಿಂದಲೇ ಕೂಗಿದರು: “ರೀ, ಅವಳಿಗೆ ಗಿರಾಕಿ ಹತ್ರ ‘ರಸೀದಿ ಕೊಡಿ’ ಅನ್ನೋಕೇ ಬಾಯಿ ಬರಲ್ಲ. ಮುನ್ನೂರು ಜನರ ಮುಂದೆ ಕೂರಿಸ್ತೀರಾ? ಇಸ್ತ್ರಿಪೆಟ್ಟಿನೂ ಜೊತೆಗೆ ಕಳಿಸ್ತೀನಿ ಬಿಡಿ, ಅದನ್ನ ಹಿಡ್ಕೊಂಡ್ರೆ ಇವಳಿಗೆ ಧೈರ್ಯ!”

ಎಲ್ಲರೂ ನಕ್ಕರು. ಡೋಲಿನಣ್ಣನೂ ನಕ್ಕರು. ನಗು ಮುಗಿದ ಮೇಲೆ ಕೌಂಟರಿನ ಮೇಲೆ ಬಾಗಿ, ನನಗೊಬ್ಬಳಿಗೆ ಕೇಳುವ ಹಾಗೆ ಹೇಳಿದರು: “ಅವತ್ತು ನಾನು ಎಷ್ಟು ಸುತ್ತು ಬಾರಿಸಿದೆ ಗೊತ್ತಾ?”

“ಇಲ್ಲ.”

“ಏಳು. ಮೂವತ್ತು ವರ್ಷದಲ್ಲಿ ಎರಡಕ್ಕಿಂತ ಜಾಸ್ತಿ ಯಾವತ್ತೂ ಬಾರಿಸಿದ್ದಿಲ್ಲ. ಏಳನೇ ಸುತ್ತಿಗೆ ನನ್ನ ಕೈ ಮರಗಟ್ಟಿತ್ತು.”

ಆಮೇಲೆ ನನ್ನ ಮುಖವನ್ನೇ ನೋಡುತ್ತ ನಿಂತರು. ಏನೋ ಕೇಳುತ್ತಾರೆ ಅಂದುಕೊಂಡೆ. “ಕಾಲರ್‌ಗೆ ಗಂಜಿ ಕಡಿಮೆ ಹಾಕು, ಕುತ್ತಿಗೆ ಕೊರೆಯುತ್ತೆ,” ಎಂದು ಹೇಳಿ ಹೋದರು. ನಾನು ಉಸಿರು ಬಿಟ್ಟಾಗ ನನ್ನ ಮೇಜಿನಿಂದ ಹೊಗೆ ಏಳುತ್ತಿತ್ತು. ಯಾರದೋ ಬಿಳಿ ಪ್ಯಾಂಟಿನ ಮೇಲೆ ಇಸ್ತ್ರಿಪೆಟ್ಟಿಯನ್ನು ಹಾಗೇ ಮಲಗಿಸಿಬಿಟ್ಟಿದ್ದೆ. ಯಜಮಾನಿ ಬೈದದ್ದನ್ನು ಇಲ್ಲಿ ಬರೆಯಲಾರೆ, ಪಾಪು ಬೆಳೆದ ಮೇಲೆ ಓದಿದರೆ ಕಷ್ಟ.

ಹೇಗೆ ಹೇಳಲಿ ಅಕ್ಕಾ, ನನಗೆ ವಿಪರೀತ ಹೆದರಿಕೆ. ಕೌಂಟರಿನಲ್ಲಿ ಗಿರಾಕಿ ಯಾರಾದರೂ ತಲೆ ವಾಲಿಸಿ ರಸೀದಿ ಓದಿದರೆ ಮೈಯೆಲ್ಲ ಜುಮ್ಮೆನ್ನುತ್ತದೆ. ನನ್ನ ಮುಂದೆ ಯಾರೂ ಬೆನ್ನು ತಿರುಗಿಸಿ ಕೂರಬಾರದು. ಬಸ್ಸಿನಲ್ಲಿ ಸೀಟು ಸಿಕ್ಕರೂ ನಿಂತೇ ಬರುತ್ತೇನೆ. ಅಭ್ಯಾಸ ಮಾಡಲು ಕೋಣೆಯ ಬಾಗಿಲು ಹಾಕಿಕೊಂಡು ಕೂತರೆ ಮೊದಲ ಸಾಲಿನ ತನಕ ಸರಿಯಾಗಿ ಬರುತ್ತದೆ. ಅಲ್ಲಿಗೆ ನಿಂತುಬಿಡುತ್ತದೆ. ಪದ ಮರೆತಿಲ್ಲ, ಪದ ಅಲ್ಲೇ ನಾಲಿಗೆಯ ಮೇಲೇ ಇದೆ. ಹೊರಗೆ ಬರುವುದಿಲ್ಲ. ಭಾನುವಾರವೂ ಹೀಗೇ ಆದರೆ? ಮುನ್ನೂರು ಜನ, ಅದೇ ಹಾಲ್, ಅದೇ ಸಾಲು. ಡೋಲು ಸುತ್ತುತ್ತದೆ, ನಾನು ಬಾಯಿ ತೆರೆದುಕೊಂಡು ಕೂತಿರುತ್ತೇನೆ. ಆಗ ಡೋಲಿನಣ್ಣ ಎಲ್ಲರ ಮುಂದೆ ಕೇಳಬೇಕಾದ್ದನ್ನು ಕೇಳಿಯೇ ಬಿಟ್ಟರೆ?

ಓಡಿಹೋಗೋಣ ಅನ್ನಿಸುತ್ತದೆ. ನಿನ್ನಲ್ಲಿಗೆ ಬರುವ ಬಸ್ಸಿನ ಹೊತ್ತನ್ನೂ ವಿಚಾರಿಸಿಕೊಂಡು ಬಂದೆ. ಆದರೆ ಓಡಿಹೋದರೆ ಎಲ್ಲರಿಗೂ ಅನುಮಾನ ಬರುತ್ತದೆ.

ಉದ್ದ ಬರೆದು ನಿನಗೂ ಹೆದರಿಕೆ ಅಂಟಿಸಿದೆ. ಭಾವನಿಗೆ ನಮಸ್ಕಾರ ಹೇಳು. ಪಾಪುವಿನ ಹೊಸ ಹಲ್ಲಿಗೆ ನನ್ನದೊಂದು ಮುತ್ತು. ಅವಳಿಗೆ ಬಾಯಿ ತುಂಬ ಮಾತು ಬರಲಿ, ಹೇಳಬೇಕಾದ ಹೊತ್ತಿಗೆ ಹೇಳುವವಳಾಗಲಿ, ಚಿಕ್ಕಮ್ಮನ ಹಾಗೆ ಆಗದಿರಲಿ.

ಇಂತಿ,
ನಿನ್ನ ತಂಗಿ

ಶನಿವಾರ

ಅಕ್ಕಾ, ಕಾಗದವನ್ನು ಎರಡು ದಿನದಿಂದ ಅಂಚೆ ಡಬ್ಬಕ್ಕೆ ಹಾಕದೆ ಇಟ್ಟುಕೊಂಡಿದ್ದೇನೆ. ಮೇಲೆ ಒಂದು ಕಡೆ ಮೋಸ ಮಾಡಿದ್ದೇನೆ. “ಎರಡನೇ ಸಾಲು ಬರಲಿಲ್ಲ” ಎಂದು ಬರೆದೆನಲ್ಲ, ಅಲ್ಲಿ. ಬರಲಿಲ್ಲ ಅಲ್ಲ. ನಾನು ಕೊಡಲಿಲ್ಲ.

ಅವತ್ತು ಹಾಡು ಶುರುವಾಗುವ ಮೊದಲು ಸಭೆಯ ಹಿರಿಯರೊಬ್ಬರು, “ಹಿಂದೆ ಕೂತಿರೋ ಹುಡುಗಿ ಯಾರಜ್ಜಾ? ನಿಮ್ಮ ಶಿಷ್ಯೆಯಾ?” ಎಂದು ಕೇಳಿದರು. ಅಜ್ಜ ತಿರುಗಿ ಕೂಡ ನೋಡಲಿಲ್ಲ. “ಅದಾ? ನನ್ನ ಚೀಲ ಹೊರೋ ಹುಡುಗಿ. ಹಾಡು ಗೀಡು ಅದಕ್ಕೇನು ಗೊತ್ತು!” ಅಂದರು. ಸಭೆಗೆ ಸಭೆಯೇ ನಕ್ಕಿತು. ಎರಡನೇ ಸಾಲಿನಲ್ಲಿ ನಮ್ಮ ಲಾಂಡ್ರಿಯವರು ಒಬ್ಬರ ಮೇಲೊಬ್ಬರು ಬಿದ್ದು ನಕ್ಕರು. ನಾಲ್ಕು ವರ್ಷ ಪದ ಪದವಾಗಿ ಎತ್ತಿಕೊಟ್ಟವಳು ನಾನು. “ಅದು” ಎಂದುಬಿಟ್ಟರು.

ತಲೆ ಎಡಕ್ಕೆ ವಾಲಿದಾಗ “ಹುಟ್ಟು” ಎನ್ನುವ ಒಂದು ಪದ ನನ್ನ ಬಾಯಲ್ಲಿತ್ತು. ಒಂದು ಸುತ್ತು ಕಾಯಲಿ ಎಂದುಕೊಂಡೆ. ಒಂದೇ ಸುತ್ತು, ಅವರಿಗೆ ಗೊತ್ತಾಗಲಿ ಎಂದು. ಎರಡಾಯಿತು. ಮೂರನೆಯದರಲ್ಲಿ ಅವರು ತಿರುಗಿ ನೇರ ನನ್ನ ಮುಖ ನೋಡಿದರು. ಸಿಟ್ಟಿರಲಿಲ್ಲ ಅಕ್ಕಾ. ಜಾತ್ರೆಯಲ್ಲಿ ಕೈ ತಪ್ಪಿಸಿಕೊಂಡ ಮಗುವಿನ ಮುಖ. ಆಗ ಕೊಡಬೇಕೆಂದು ಬಾಯಿ ತೆರೆದೆ. ಪದ ಹೊರಗೆ ಬರಲಿಲ್ಲ. ಮಿಕ್ಕ ನಾಲ್ಕು ಸುತ್ತು ಹಾಗೇ ಹೋದವು.

ಇವತ್ತು ಬೆಳಿಗ್ಗೆ ಕೆಲಸಕ್ಕೆ ಮೊದಲು ಅಜ್ಜಿಯ ಮನೆಗೆ ಹೋದೆ. ಹೊಸ್ತಿಲ ಹತ್ತಿರ ಮಣೆ ಹಾಕಿಕೊಂಡು ತಲೆ ಬಾಚಿಕೊಳ್ಳುತ್ತಿದ್ದರು. ಕೂರುವ ಮೊದಲೇ ಹೇಳಿದೆ: “ಅಜ್ಜಿ, ಅವತ್ತು ಸಾಲು ನನಗೆ ಗೊತ್ತಿತ್ತು. ಬೇಕೂಂತಲೇ ಕೊಡಲಿಲ್ಲ. ಅದಕ್ಕೇ ನಿಮ್ಮನೆ ಕಡೆ ಬರಲಿಲ್ಲ.”

ಬಾಚಣಿಗೆ ನಿಂತಿತು.

“ನಾಳೆ ಹಾಡೋಕೆ ಮೊದಲು ಎಲ್ಲರ ಮುಂದೆ ಹೇಳಿಬಿಡ್ತೀನಿ,” ಅಂದೆ.

“ಬೇಡ.” ಅಜ್ಜಿಯ ದನಿ ಗಟ್ಟಿಯಾಗಿತ್ತು. “ನೀನು ಕೊಡಲಿಲ್ಲ ಅಂದ್ರೆ, ಅವರು ನಿನ್ನಿಂದ ಸಾಲು ಕೇಳ್ಕೊಂಡು ಹಾಡ್ತಿದ್ರು ಅಂತಲೂ ಹೇಳಿದ ಹಾಗಾಯ್ತು. ಮರೆವು ಅಂತ ಊರಿಗೆ ಗೊತ್ತಾಗಬಾರದು ಅಂತ ನಾಲ್ಕು ವರ್ಷ ಒದ್ದಾಡಿದ್ರು. ಹೊರಗಡೆ ನಿನ್ನನ್ನ ಚೀಲ ಹೊರೋಳು ಅಂತಿದ್ದದ್ದೂ ಅದಕ್ಕೇ. ಮನೇಲಿ ಹಾಗನ್ನುತ್ತಿರಲಿಲ್ಲ.”

ಮನೆಯಲ್ಲಿ ಏನೆನ್ನುತ್ತಿದ್ದರು ಎಂದು ಕೇಳುವ ಧೈರ್ಯ ನನಗೆ ಬರಲಿಲ್ಲ.

“ನಾಳೆ ಸುಮ್ಮನೆ ಹಾಡು. ಜನ ಹೊಗಳ್ತಾರೆ. ಹೊಗಳಿಸ್ಕೋ,” ಅಂದರು. ಕ್ಷಮಿಸಿದ ಹಾಗೂ ಇರಲಿಲ್ಲ, ಶಪಿಸಿದ ಹಾಗೂ ಇರಲಿಲ್ಲ. ಈ ಮಾತಿಗೆ ನನಗೆ ಮೊದಲಿಗಿಂತ ಹೆಚ್ಚು ಹೆದರಿಕೆಯಾಯಿತು. ಇನ್ನು ಈ ಭಾರವನ್ನು ಯಾರ ಮುಂದೆಯೂ ಇಳಿಸುವ ಹಾಗಿಲ್ಲ.

ಹೊರಡಲು ಎದ್ದೆ. ಅಜ್ಜಿ ಬಾಚಣಿಗೆಯನ್ನು ನನ್ನ ಕಡೆ ಚಾಚಿ, ಬೆನ್ನು ತಿರುಗಿಸಿ ಕೂತರು. “ಹಿಂದಕ್ಕೆ ಕೈ ಏಳಲ್ಲ ನನಗೆ.”

ಅವರ ಹಿಂದೆ ನೆಲದ ಮೇಲೆ ಕೂತೆ. ಕೂದಲು ಬಹಳ ಸಿಕ್ಕಾಗಿತ್ತು. ನೋವಾಗದ ಹಾಗೆ ತುದಿಯಿಂದ ಒಂದೊಂದೇ ಬಿಡಿಸಿ, ಬಾಚಿ, ಗಂಟು ಹಾಕಿ ಕೆಲಸಕ್ಕೆ ಬಂದೆ.